ಗರ್ಭಿಣಿಯ ರಕ್ತಹೀನತೆ ಮತ್ತು ನಂಜು: ಒಕ್ಕಲು ಮನೆಯವರು ಗುರುತಿಸಬೇಕಾದ ಲಕ್ಷಣಗಳು

ಬೆಳೆ, ಗೊಬ್ಬರ, ಕೀಟ, ರೋಗ ಇವುಗಳನ್ನು ಕುರಿತ ಪುಟಗಳಲ್ಲಿ ಗರ್ಭಿಣಿಯರ ಆರೋಗ್ಯದ ವಿಷಯವೇಕೆ ಎಂದು ಕೆಲವು ಓದುಗರಿಗೆ ಅನಿಸಬಹುದು. ನಾಟಿ, ಕಳೆ ಕೀಳುವುದು, ಕೊಯ್ಲು, ಕಣದ ಕೆಲಸ, ಹಾಲು ಕರೆಯುವುದು ಇವುಗಳಲ್ಲಿ ಬಹುಪಾಲು ಹೆಂಗಸರ ಕೈಯಿಂದಲೇ ನಡೆಯುತ್ತಿದೆ. ಇದೇ ಹೆಂಗಸರು ಬಸುರಿಯಾದಾಗಲೂ ಏಳೆಂಟು ತಿಂಗಳವರೆಗೆ ಗದ್ದೆಗೆ ಇಳಿಯುವುದನ್ನು ನಾವು ದಿನವೂ ಕಾಣುತ್ತೇವೆ. ತರಬೇತಿ ಶಿಬಿರಗಳಲ್ಲಿ ರೈತ ಮಹಿಳೆಯರು ಬೇಸಾಯದ ಪ್ರಶ್ನೆಗಳ ನಡುವೆ ಈ ವಿಷಯವನ್ನೂ ಕೇಳುತ್ತಾರೆ. ಈ ಲೇಖಕನು ವೈದ್ಯನಲ್ಲ, ಬೇಸಾಯಶಾಸ್ತ್ರದ ಅಧ್ಯಾಪಕ. ಆದುದರಿಂದ ಚಿಕಿತ್ಸೆಯನ್ನು ವೈದ್ಯರಿಗೆ ಬಿಟ್ಟು, ಮನೆಯವರು ಏನನ್ನು ನೋಡಬೇಕು, ಯಾವಾಗ ತಡಮಾಡದೆ ಹೊರಡಬೇಕು ಎಂಬಷ್ಟನ್ನೇ ಇಲ್ಲಿ ಮುಖ್ಯವಾಗಿ ಹೇಳಲಾಗಿದೆ.

ಸರ್ಕಾರದ ಮಾದರಿ ನೋಂದಣಿ ಪದ್ಧತಿಯ ವರದಿಯಂತೆ 2018-20ರ ಅವಧಿಯಲ್ಲಿ ನಮ್ಮ ದೇಶದಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ 97 ತಾಯಂದಿರು ಮರಣ ಹೊಂದಿದರು. ಕರ್ನಾಟಕದಲ್ಲಿ ಈ ಸಂಖ್ಯೆ 69, ಕೇರಳದಲ್ಲಿ 19. ಹಿಂದಿನ ದಶಕಗಳಿಗೆ ಹೋಲಿಸಿದರೆ ಇದು ಬಹಳ ಇಳಿದಿದೆ ನಿಜ. ಆದರೆ ನೆರೆಯ ರಾಜ್ಯದಲ್ಲಿ 19ಕ್ಕೆ ಇಳಿಸಲು ಸಾಧ್ಯವಾದದ್ದು ನಮ್ಮಲ್ಲಿ ಆಗದಿರಲು ಕಾರಣವಿಲ್ಲ. ಈ ಸಾವುಗಳಲ್ಲಿ ಹೆಚ್ಚಿನವಕ್ಕೆ ರಕ್ತಸ್ರಾವ, ಏರಿದ ರಕ್ತದೊತ್ತಡ ಮತ್ತು ಸೋಂಕು ಕಾರಣ. ಇವೆಲ್ಲದರ ಹಿಂದೆ ಮೌನವಾಗಿ ನಿಂತಿರುವುದು ರಕ್ತಹೀನತೆ.

ದಿನದ ಲೆಕ್ಕ ಮೊದಲು

ಭತ್ತದ ಯಾವ ತಳಿ ಎಷ್ಟು ದಿನಕ್ಕೆ ಬರುತ್ತದೆಂಬುದು ನಮ್ಮ ರೈತರಿಗೆ ಬಾಯಿಪಾಠ. ಹಸುವಿಗೆ ಕೃತಕ ಗರ್ಭಧಾರಣೆ ಮಾಡಿಸಿದ ತಾರೀಖನ್ನು ಕೊಟ್ಟಿಗೆಯ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದಿಡುವವರೂ ಇದ್ದಾರೆ. ಸೊಸೆಯ ತಿಂಗಳ ಲೆಕ್ಕ ಕೇಳಿದರೆ ಮಾತ್ರ 'ಗೌರಿ ಹಬ್ಬದ ಆಚೆಗೋ ಈಚೆಗೋ' ಎನ್ನುತ್ತಾರೆ. ಹಸುವಿನ ಗರ್ಭಾವಧಿಯೂ ಸುಮಾರು 280 ದಿನ, ಹೆಂಗಸಿನದೂ ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸಿದರೆ 280 ದಿನ. ಆ ದಿನಕ್ಕೆ ಒಂಬತ್ತು ತಿಂಗಳು ಮತ್ತು ಏಳು ದಿನ ಕೂಡಿಸಿದರೆ ಹೆರಿಗೆಯ ಅಂದಾಜು ದಿನ ಸಿಗುತ್ತದೆ. ಜೂನ್ 5ರಂದು ಮುಟ್ಟಾಗಿದ್ದರೆ ಮಾರ್ಚ್ 12ರ ಆಸುಪಾಸಿನಲ್ಲಿ ಹೆರಿಗೆ. ಈ ಒಂದು ತಾರೀಖು ಗೊತ್ತಿಲ್ಲದಿದ್ದರೆ ನೋವು ಬಂದಾಗ ದಿನ ತುಂಬಿದೆಯೇ ಇಲ್ಲವೇ, ಮಗುವಿನ ಬೆಳವಣಿಗೆ ಸರಿಯಿದೆಯೇ ಎಂಬುದನ್ನು ವೈದ್ಯರೂ ಹೇಳುವುದು ಕಷ್ಟ.

ಮುಟ್ಟು ನಿಂತ ಕೂಡಲೇ, ಹನ್ನೆರಡು ವಾರದೊಳಗೆ, ಆಶಾ ಕಾರ್ಯಕರ್ತೆಯ ಅಥವಾ ಆರೋಗ್ಯ ಸಹಾಯಕಿಯ ಬಳಿ ಹೆಸರು ಬರೆಸಿ ತಾಯಿ ಕಾರ್ಡು ಪಡೆಯತಕ್ಕದ್ದು. ಆಮೇಲೆ 14ರಿಂದ 26ನೆಯ ವಾರದೊಳಗೆ ಒಮ್ಮೆ, 28ರಿಂದ 34ರೊಳಗೆ ಒಮ್ಮೆ, 36ನೆಯ ವಾರದ ನಂತರ ಒಮ್ಮೆ, ಹೀಗೆ ಕನಿಷ್ಠ ನಾಲ್ಕು ಬಾರಿ ತಪಾಸಣೆ ಆಗಬೇಕು. 2016ರಿಂದ ಪ್ರತಿ ತಿಂಗಳ 9ನೆಯ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ವೈದ್ಯರಿಂದಲೇ ಗರ್ಭಿಣಿಯರ ತಪಾಸಣೆ ಉಚಿತವಾಗಿ ನಡೆಯುವ ಏರ್ಪಾಟಿದೆ. ನಾಟಿಯ ಕಾಲದಲ್ಲಿ ಕೂಲಿಯಾಳು ಸಿಗುವುದಿಲ್ಲವೆಂದು ತಪಾಸಣೆಯನ್ನು ಮುಂದೂಡುವುದೇ ಹಳ್ಳಿಗಳಲ್ಲಿ ಹೆಚ್ಚು. ಮುಂಗಾರಿಗೆ ಮೊದಲೇ ಈ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟರೆ ನಾಟಿಯ ದಿನವನ್ನು ಒಂದು ದಿನ ಹಿಂದೆ ಮುಂದೆ ಮಾಡಿಕೊಳ್ಳಬಹುದು. ನಾಟಿ ಒಂದು ದಿನ ಕಾಯುತ್ತದೆ.

ಕಬ್ಬಿಣದ ಕೊರತೆ

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಗರ್ಭಿಣಿಯರಲ್ಲಿ ಶೇಕಡಾ 52.2 ಮಂದಿಗೆ ರಕ್ತಹೀನತೆ ಇತ್ತು. ಅಂದರೆ ಇಬ್ಬರಲ್ಲಿ ಒಬ್ಬಳಿಗೆ. ಹೀಗೆ ಎಲ್ಲರಲ್ಲೂ ಇರುವುದರಿಂದಲೇ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. 'ಬಸುರಿಗೆ ಸುಸ್ತು ಇರೋದೇ' ಎಂದು ಸುಮ್ಮನಾಗುತ್ತಾರೆ. ಕಣ್ಣಿನ ಕೆಳರೆಪ್ಪೆಯ ಒಳಭಾಗ, ನಾಲಿಗೆ, ಉಗುರು, ಅಂಗೈ ಬಿಳಿಚಿಕೊಂಡಿರುವುದು, ನಾಲ್ಕು ಹೆಜ್ಜೆ ಏರು ಹತ್ತಿದರೆ ಏದುಸಿರು ಬರುವುದು, ಎದೆ ಬಡಿತ ಹೆಚ್ಚುವುದು, ಮಣ್ಣು ಅಥವಾ ಬಳಪ ತಿನ್ನಬೇಕೆಂಬ ಬಯಕೆ, ಇವು ಮನೆಯವರೇ ಗುರುತಿಸಬಹುದಾದ ಲಕ್ಷಣಗಳು. ಮಣ್ಣು ತಿನ್ನುವುದನ್ನು ಬಸುರಿ ಬಯಕೆಯೆಂದು ನಕ್ಕು ಬಿಡಬಾರದು. ಅದು ಬಹಳ ವೇಳೆ ಕಬ್ಬಿಣದ ಕೊರತೆಯ ಗುರುತು.

ನಿಶ್ಚಯವಾಗಿ ತಿಳಿಯಲು ರಕ್ತದ ಹಿಮೋಗ್ಲೋಬಿನ್ ಪರೀಕ್ಷೆಯೇ ಬೇಕು. ಗರ್ಭಿಣಿಗೆ ನೂರು ಮಿಲಿಲೀಟರ್ ರಕ್ತದಲ್ಲಿ 11 ಗ್ರಾಂ ಅಥವಾ ಹೆಚ್ಚು ಇರಬೇಕು. 10ರಿಂದ 10.9 ಇದ್ದರೆ ಅಲ್ಪ, 7ರಿಂದ 9.9 ಮಧ್ಯಮ, 7ಕ್ಕಿಂತ ಕಡಿಮೆಯಾದರೆ ತೀವ್ರ ರಕ್ತಹೀನತೆ. ತಾಯಿ ಕಾರ್ಡಿನಲ್ಲಿ ಈ ಅಂಕಿಯನ್ನು ಬರೆದಿರುತ್ತಾರೆ. ಮಣ್ಣು ಪರೀಕ್ಷೆಯ ಚೀಟಿಯನ್ನು ಓದುವ ರೈತನು ಇದನ್ನೂ ಓದಿಕೊಳ್ಳಬಲ್ಲ, ಓದಿಕೊಳ್ಳಬೇಕು.

ಇದರ ಅಪಾಯವೇನೆಂದರೆ, ಹೆರಿಗೆಯ ವೇಳೆ ಎಲ್ಲರಿಗೂ ಸ್ವಲ್ಪ ರಕ್ತ ಹೋಗಿಯೇ ಹೋಗುತ್ತದೆ. ಗಟ್ಟಿಮುಟ್ಟಾದ ಹೆಂಗಸು ಅದನ್ನು ತಡೆದುಕೊಳ್ಳುತ್ತಾಳೆ. ಹಿಮೋಗ್ಲೋಬಿನ್ ಆರು ಇರುವವಳಿಗೆ ಅಷ್ಟೇ ರಕ್ತ ಹೋದರೂ ಪ್ರಾಣಕ್ಕೆ ಬರಬಹುದು. ದಿನ ತುಂಬುವ ಮೊದಲೇ ಹೆರಿಗೆಯಾಗುವುದು, ತೂಕ ಕಡಿಮೆಯ ಮಗು ಹುಟ್ಟುವುದು ಇವೂ ಇಂಥ ತಾಯಂದಿರಲ್ಲಿ ಹೆಚ್ಚು.

ಕಪ್ಪುಭೂಮಿಯ ರೈತರಿಗೆ ಒಂದು ಮಾತು ಅನುಭವದಿಂದ ಗೊತ್ತಿದೆ. ಸುಣ್ಣದ ಅಂಶ ಹೆಚ್ಚಿರುವ ಭೂಮಿಯಲ್ಲಿ ಕಬ್ಬು, ಶೇಂಗಾ ಬೆಳೆಗಳ ಎಳೆಯ ಎಲೆ ಹಳದಿಯಾಗಿ ಬಿಳಿಚುತ್ತವೆ. ಮಣ್ಣಿನಲ್ಲಿ ಕಬ್ಬಿಣವಿಲ್ಲವೆಂದಲ್ಲ, ಇದ್ದರೂ ಬೇರಿಗೆ ದೊರೆಯುವ ರೂಪದಲ್ಲಿ ಇರುವುದಿಲ್ಲ. ಆಗ ನಾವು ಕಬ್ಬಿಣದ ಸಲ್ಫೇಟನ್ನು ಸ್ವಲ್ಪ ಸಿಟ್ರಿಕ್ ಆಮ್ಲ ಬೆರೆಸಿ ಎಲೆಗಳ ಮೇಲೆ ಸಿಂಪಡಿಸಲು ಹೇಳುತ್ತೇವೆ. ಮನುಷ್ಯನ ದೇಹದಲ್ಲೂ ನಡೆಯುವುದು ಹೆಚ್ಚುಕಡಿಮೆ ಹೀಗೆಯೇ. ರಾಗಿಯಲ್ಲಿ, ಸೊಪ್ಪಿನಲ್ಲಿ, ಕಾಳಿನಲ್ಲಿ ಕಬ್ಬಿಣವಿದೆ. ಆದರೆ ಅವುಗಳಲ್ಲೇ ಇರುವ ಫೈಟೇಟ್, ಟ್ಯಾನಿನ್ ಮುಂತಾದ ವಸ್ತುಗಳು ಅದನ್ನು ಕಟ್ಟಿಹಾಕುವುದರಿಂದ ಕರುಳಿಗೆ ಸ್ವಲ್ಪವೇ ದಕ್ಕುತ್ತದೆ. ಊಟದ ಜೊತೆಗೇ ಕಾಫಿ, ಟೀ ಕುಡಿದರೆ ಇನ್ನೂ ಕಡಿಮೆ. ನಿಂಬೆರಸ, ನೆಲ್ಲಿಕಾಯಿ, ಸೀಬೆಹಣ್ಣು ಇವುಗಳ ಹುಳಿ ಮತ್ತು ಸಿ ಜೀವಸತ್ವ ಜೊತೆಗಿದ್ದರೆ ಹೆಚ್ಚು ದಕ್ಕುತ್ತದೆ. ಕಾಳು ಮತ್ತು ರಾಗಿಯನ್ನು ಮೊಳಕೆ ಕಟ್ಟಿ ಬಳಸಿದರೆ ಫೈಟೇಟ್ ತಗ್ಗುತ್ತದೆ.

ಆದರೂ ಆಹಾರ ಒಂದರಿಂದಲೇ ಗರ್ಭಿಣಿಯ ಕೊರತೆ ತುಂಬುವುದೆಂದು ನಂಬುವಂತಿಲ್ಲ. 'ರಾಗಿ ಮುದ್ದೆ ಉಂಡವರಿಗೆ ಗುಳಿಗೆ ಯಾಕೆ' ಎಂದು ಕೇಳುವವರಿದ್ದಾರೆ. ರಾಗಿಯ ಹೆಚ್ಚಳ ಇರುವುದು ಸುಣ್ಣಾಂಶದಲ್ಲಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಬೇರಾವ ಏಕದಳ ಧಾನ್ಯದಲ್ಲೂ ಅಷ್ಟಿಲ್ಲ. ಕಬ್ಬಿಣ ಮಾತ್ರ ಐದು ಮಿಲಿಗ್ರಾಂಗೂ ಕಡಿಮೆ. ಗರ್ಭಿಣಿಗೆ ಆಹಾರದಲ್ಲಿ ದಿನಕ್ಕೆ 27 ಮಿಲಿಗ್ರಾಂ ಬೇಕೆಂದು ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಶಿಫಾರಸು. ಲೆಕ್ಕ ಓದುಗರಿಗೇ ಬಿಟ್ಟಿದ್ದು.

ಆದುದರಿಂದ ನಾಲ್ಕನೆಯ ತಿಂಗಳಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯಾದ ಮೇಲೆ ಮತ್ತೆ 180 ದಿನ, 60 ಮಿಲಿಗ್ರಾಂ ಕಬ್ಬಿಣ ಮತ್ತು 500 ಮೈಕ್ರೋಗ್ರಾಂ ಫೋಲಿಕ್ ಆಮ್ಲವಿರುವ ಗುಳಿಗೆ ನುಂಗತಕ್ಕದ್ದು. ಇದು ಉಪಕೇಂದ್ರದಲ್ಲಿ ಉಚಿತವಾಗಿ ಸಿಗುತ್ತದೆ. ಅಲ್ಪ ಅಥವಾ ಮಧ್ಯಮ ರಕ್ತಹೀನತೆ ಕಂಡುಬಂದರೆ ದಿನಕ್ಕೆ ಎರಡು ಗುಳಿಗೆ ಕೊಟ್ಟು ತಿಂಗಳಿಗೊಮ್ಮೆ ರಕ್ತ ನೋಡುತ್ತಾರೆ. ಒಂದು ತಿಂಗಳಲ್ಲಿ ಒಂದು ಗ್ರಾಂ ಕೂಡ ಏರದಿದ್ದರೆ, ಇಲ್ಲವೇ ದಿನ ಸಮೀಪಿಸಿದ್ದರೆ, ಆಸ್ಪತ್ರೆಯಲ್ಲಿ ರಕ್ತನಾಳದ ಮೂಲಕ ಕಬ್ಬಿಣ ಕೊಡುವ ಕ್ರಮವಿದೆ. ಏಳಕ್ಕಿಂತ ಕೆಳಗಿದ್ದವರು ಗುಳಿಗೆ ನುಂಗುತ್ತಾ ಮನೆಯಲ್ಲಿ ಕೂರಬಾರದು. ದೊಡ್ಡ ಆಸ್ಪತ್ರೆಗೆ ಹೋಗಲೇಬೇಕು.

ಗುಳಿಗೆ ಕೊಟ್ಟವರ ಲೆಕ್ಕವೇ ಬೇರೆ, ನುಂಗಿದವರ ಲೆಕ್ಕವೇ ಬೇರೆ. ವಿಸ್ತರಣಾ ಕಾರ್ಯಕರ್ತರು ಮನೆಗಳಿಗೆ ಹೋದಾಗ ಅಟ್ಟದ ಮೇಲಿನ ಡಬ್ಬಿಯಲ್ಲಿ ಗುಳಿಗೆಗಳು ಹಾಗೆಯೇ ಇರುವುದನ್ನು ನೋಡಿರಬಹುದು. ಗುಳಿಗೆ ನುಂಗಿದರೆ ಮಗು ಕಪ್ಪಾಗುತ್ತದೆ, ಮಗು ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆ ಎಂಬ ನಂಬಿಕೆಗಳಿವೆ. ಎರಡೂ ಸುಳ್ಳು. ಕಪ್ಪಾಗುವುದು ಮಲ ಮಾತ್ರ, ಅದರಿಂದ ತೊಂದರೆಯಿಲ್ಲ. ಹೊಟ್ಟೆ ತೊಳೆಸುವುದು, ಮಲಬದ್ಧತೆ ಕೆಲವರಿಗೆ ಆಗುವುದುಂಟು. ಅಂಥವರು ರಾತ್ರಿ ಊಟವಾದ ಮೇಲೆ ನುಂಗಿ ಮಲಗಲಿ. 'ನಮ್ಮ ಕಾಲದಲ್ಲಿ ಗುಳಿಗೆ ಎಲ್ಲಿತ್ತು ಸ್ವಾಮಿ, ಎಂಟು ಹೆರಲಿಲ್ಲವೇ' ಎಂದು ಹಿರಿಯ ತಾಯಂದಿರು ಹೇಳುತ್ತಾರೆ. ಎಂಟು ಹೆತ್ತವರು ಹೇಳಲು ಉಳಿದಿದ್ದಾರೆ. ಉಳಿಯದೆ ಹೋದವರ ಮಾತು ನಮಗೆ ಕೇಳುವುದಿಲ್ಲ.

ಕ್ಯಾಲ್ಸಿಯಂ ಗುಳಿಗೆಯನ್ನೂ 14ನೆಯ ವಾರದಿಂದ ದಿನಕ್ಕೆ ಎರಡು ಬಾರಿ ಕೊಡುತ್ತಾರೆ. ಅದನ್ನು ಕಬ್ಬಿಣದ ಗುಳಿಗೆಯೊಡನೆ ಒಟ್ಟಿಗೆ ನುಂಗಬಾರದು. ಕನಿಷ್ಠ ಎರಡು ಗಂಟೆ ಅಂತರವಿರಲಿ. ಭೂಮಿಯಲ್ಲಿ ಸುಣ್ಣ ಕಬ್ಬಿಣಕ್ಕೆ ಅಡ್ಡ ಬರುವಂತೆ ಕರುಳಿನಲ್ಲೂ ಬರುತ್ತದೆ. ಕಾರಣ ಬೇರೆ, ಫಲ ಒಂದೇ.

ತೋಟ, ಗದ್ದೆಗಳಲ್ಲಿ ಬರಿಗಾಲಲ್ಲಿ ನಡೆಯುವವರಿಗೆ ಕೊಕ್ಕೆಹುಳುವಿನ ಬಾಧೆಯೂ ಇದೆ. ಬಯಲು ಶೌಚದಿಂದ ಹಸಿ ಮಣ್ಣಿಗೆ ಸೇರಿದ ಮರಿಹುಳು ಪಾದದ ಚರ್ಮದ ಮೂಲಕ ಒಳಹೊಕ್ಕು ಕರುಳಿನಲ್ಲಿ ನೆಲೆಸಿ ರಕ್ತ ಹೀರುತ್ತದೆ. ನಾಲ್ಕನೆಯ ತಿಂಗಳ ನಂತರ ಒಮ್ಮೆ ಆಲ್ಬೆಂಡಜೋಲ್ 400 ಮಿಲಿಗ್ರಾಂ ಗುಳಿಗೆ ಕೊಡುವುದು ಇದಕ್ಕಾಗಿ. ಮೊದಲ ಮೂರು ತಿಂಗಳಲ್ಲಿ ಅದನ್ನು ಕೊಡಬಾರದು.

ಫೋಲಿಕ್ ಆಮ್ಲದ ಕಥೆ ನಮ್ಮ ದೇಶದ್ದೇ ಆದುದರಿಂದ ಹೇಳಬೇಕು. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲೆಂಡಿನ ವೈದ್ಯ ವಿಜ್ಞಾನಿ ಮುಂಬಯಿಗೆ ಬಂದು, ಬಟ್ಟೆ ಗಿರಣಿಗಳ ಕೂಲಿ ಹೆಂಗಸರಲ್ಲಿ ಬಸುರಿನ ಕಾಲಕ್ಕೆ ಕಾಣುತ್ತಿದ್ದ ತೀವ್ರ ರಕ್ತಹೀನತೆಯನ್ನು ಅಭ್ಯಾಸ ಮಾಡಿದರು. ಯೀಸ್ಟಿನ ಸಾರ ತಿನ್ನಿಸಿದರೆ ಅವರು ಗುಣವಾಗುತ್ತಾರೆಂದು 1931ರಲ್ಲಿ ಪ್ರಕಟಿಸಿದರು. ಅದರಲ್ಲಿದ್ದ ವಸ್ತುವನ್ನು 1941ರಲ್ಲಿ ಅಮೆರಿಕದಲ್ಲಿ ಪಾಲಕ್ ಸೊಪ್ಪಿನಿಂದ ಪ್ರತ್ಯೇಕಿಸಿ, ಎಲೆ ಎಂಬರ್ಥದ ಲ್ಯಾಟಿನ್ ಪದದಿಂದ ಫೋಲಿಕ್ ಆಮ್ಲವೆಂದು ಕರೆದರು. ಸೊಪ್ಪನ್ನು ಬೇಯಿಸಿ ನೀರು ಚೆಲ್ಲಿದರೆ ಇದರಲ್ಲಿ ಬಹುಭಾಗ ನೀರಿನೊಡನೆ ಹೋಗುತ್ತದೆ. ಬಸಿದ ನೀರನ್ನೇ ಸಾರು ಮಾಡುವ ನಮ್ಮ ಬಸ್ಸಾರಿನ ಪದ್ಧತಿ ಈ ದೃಷ್ಟಿಯಿಂದ ಬಹಳ ಒಳ್ಳೆಯದು.

ನಂಜು ಎಂಬ ರಕ್ತದೊತ್ತಡ

ಹಳ್ಳಿಯಲ್ಲಿ ಬಸುರಿಯ ನಂಜು ಎಂದು ಕರೆಯುವ ಈ ಬಾಧೆಯಲ್ಲಿ ವಿಷವೇನೂ ಇಲ್ಲ. ಐದನೆಯ ತಿಂಗಳು ಕಳೆದ ಮೇಲೆ, ಅಂದರೆ 20 ವಾರಗಳ ನಂತರ, ಕೆಲವು ಗರ್ಭಿಣಿಯರ ರಕ್ತದೊತ್ತಡ ಏರತೊಡಗುತ್ತದೆ. ಇದಕ್ಕೆ ಮೂಲ ಮಾಸಿನಲ್ಲಿದೆ. ಮಾಸಿಗೆ ರಕ್ತ ಒಯ್ಯುವ ನಾಳಗಳು ಸರಿಯಾಗಿ ಹಿಗ್ಗದೆ ಹೋದಾಗ ತಾಯಿಯ ಮೈಯಲ್ಲೆಲ್ಲ ರಕ್ತನಾಳಗಳು ಕೆಡುತ್ತವೆ. ಮೂತ್ರಪಿಂಡ, ಪಿತ್ತಜನಕಾಂಗ, ಮೆದುಳು ಎಲ್ಲಕ್ಕೂ ತಾಗುತ್ತದೆ. ರಕ್ತದೊತ್ತಡ 140/90 ಅಥವಾ ಹೆಚ್ಚು ಎಂದು ಎರಡು ಬಾರಿ ಕಂಡರೆ ರೋಗವೆಂದು ತಿಳಿಯಬೇಕು. 160/110 ಮುಟ್ಟಿದರೆ ಆ ಗಳಿಗೆಯಲ್ಲೇ ಆಸ್ಪತ್ರೆಗೆ ಸೇರಿಸಬೇಕು. ಮೂತ್ರದಲ್ಲಿ ಸಸಾರಜನಕ ಹೋಗುತ್ತಿದೆಯೇ ಎಂದೂ ನೋಡುತ್ತಾರೆ.

ಈ ರೋಗದ ಮೋಸವೆಂದರೆ ಆರಂಭದಲ್ಲಿ ರೋಗಿಗೆ ಏನೂ ಅನಿಸುವುದಿಲ್ಲ. ಎಲೆಯ ಅಡಿಭಾಗದಲ್ಲಿ ಬೆಳೆಯುವ ಬೂಷ್ಟು ರೋಗವನ್ನು ಎಲೆ ಮಗುಚಿ ನೋಡದೆ ತಿಳಿಯಲಾಗದಂತೆ, ಇದನ್ನು ಪಟ್ಟಿ ಕಟ್ಟಿ ಅಳೆಯದೆ ತಿಳಿಯಲಾಗದು. ಐದು ನಿಮಿಷ ಕುಳಿತು ವಿಶ್ರಮಿಸಿದ ಮೇಲೆ ಅಳೆಸಬೇಕು. ಬಿಸಿಲಲ್ಲಿ ನಡೆದು ಬಂದು ಕೂಡಲೇ ಅಳೆದರೆ ಅಂಕಿ ತಪ್ಪು ಬರಬಹುದು. ತಪಾಸಣೆಗೆ ಹೋದಾಗ ರಕ್ತದೊತ್ತಡ ನೋಡದೆ ಗುಳಿಗೆ ಮಾತ್ರ ಕೊಟ್ಟು ಕಳುಹಿಸಿದರೆ 'ಬಿ.ಪಿ. ನೋಡಿ ಅಮ್ಮ' ಎಂದು ಕೇಳಲು ಸಂಕೋಚ ಬೇಡ.

ರೋಗ ಬಲಿತಾಗ ಕಾಣುವ ಗುರುತುಗಳನ್ನು ಮನೆಯಲ್ಲಿ ಎಲ್ಲರೂ, ಗಂಡಸರೂ ಸೇರಿ, ತಿಳಿದಿರಬೇಕು. ಬಿಡದ ತಲೆನೋವು, ಕಣ್ಣು ಮಂಜಾಗುವುದು ಅಥವಾ ಕಣ್ಣೆದುರು ಮಿಂಚು ಹೊಳೆದಂತಾಗುವುದು, ಎದೆಗುಂಡಿಗೆಯ ಕೆಳಗೆ, ಬಲಪಕ್ಕೆಯಲ್ಲಿ ನೋವು, ಮೂತ್ರ ಕಡಿಮೆಯಾಗುವುದು, ಮುಖ ಮತ್ತು ಕೈ ಊದಿಕೊಳ್ಳುವುದು. ಸಂಜೆ ಹೊತ್ತಿಗೆ ಪಾದ ಮಾತ್ರ ಊದಿ ಬೆಳಿಗ್ಗೆಗೆ ಇಳಿಯುವುದು ಬಹುಮಂದಿ ಬಸುರಿಯರಲ್ಲಿ ಇರುವುದೇ. ಬೆಳಿಗ್ಗೆ ಎದ್ದಾಗಲೇ ಮುಖ ಊದಿದ್ದರೆ, ನಿನ್ನೆ ಸಡಿಲವಿದ್ದ ಬಳೆ, ಉಂಗುರ ಇಂದು ಬಿಗಿಯಾಗಿದ್ದರೆ ಕಾಯಬಾರದು. ಎದೆಗುಂಡಿಗೆಯ ನೋವನ್ನು ಪಿತ್ತವೆಂದು ತಿಳಿದು ಜೀರಿಗೆ ಕಷಾಯ ಕೊಟ್ಟು ಮಲಗಿಸಿ ರಾತ್ರಿ ಕಳೆಯುವುದು ಅತ್ಯಂತ ಅಪಾಯಕರ.

ಚೊಚ್ಚಲ ಬಸುರಿಯರು, ತೀರ ಎಳೆಯ ವಯಸ್ಸಿನವರು, 35 ದಾಟಿದವರು, ಅವಳಿ ಹೊತ್ತವರು, ಹಿಂದಿನ ಬಸುರಿನಲ್ಲಿ ಹೀಗಾಗಿದ್ದವರು, ತಾಯಿಗೋ ಅಕ್ಕತಂಗಿಗೋ ಇದ್ದವರು ವಿಶೇಷ ಎಚ್ಚರದಿಂದಿರಬೇಕು. ಇಂಥವರಿಗೆ ವೈದ್ಯರು ನಾಲ್ಕನೆಯ ತಿಂಗಳೊಳಗೇ ಸಣ್ಣ ಪ್ರಮಾಣದ ಆಸ್ಪಿರಿನ್ ಆರಂಭಿಸುವುದುಂಟು. ತಾವಾಗಿ ಅಂಗಡಿಯಿಂದ ತಂದು ನುಂಗಬಾರದು. ಆಹಾರದಲ್ಲಿ ಸುಣ್ಣಾಂಶ ಕಡಿಮೆಯಿರುವ ಜನರಲ್ಲಿ ಕ್ಯಾಲ್ಸಿಯಂ ಕೊಟ್ಟರೆ ಈ ರೋಗ ಕಡಿಮೆಯಾಗುವುದೆಂದು ಕಂಡುಬಂದಿದೆ. ಉಪ್ಪು ಬಿಟ್ಟು ಸಪ್ಪೆ ಊಟ ಮಾಡಿಸಿದರೆ ನಂಜು ಬರುವುದಿಲ್ಲವೆಂಬುದಕ್ಕೆ ಆಧಾರವಿಲ್ಲ. ಸಪ್ಪೆ ಸೇರದೆ ಊಟವೇ ಕಡಿಮೆಯಾಗುವ ನಷ್ಟ ಮಾತ್ರ ಆಗುತ್ತದೆ.

ನೋಡದೆ ಬಿಟ್ಟರೆ ಒಮ್ಮೆಲೇ ಮೈ ಸೆಳೆತ, ಅಂದರೆ ಫಿಟ್ಸ್, ಬರುತ್ತದೆ. ಮೆಟ್ಟಿಕೊಂಡಿದೆಯೆಂದು ತಾಯಿತಕ್ಕೆ ಓಡುವುದು ಇನ್ನೂ ಪೂರ್ಣವಾಗಿ ನಿಂತಿಲ್ಲ. ಸೆಳೆತ ಬಂದಾಗ ಎಡಮಗ್ಗುಲಿಗೆ ಹೊರಳಿಸಿ ಮಲಗಿಸಿ, ಸುತ್ತ ತಾಗುವ ವಸ್ತು ಸರಿಸಿ, ವಾಹನಕ್ಕೆ ಹೇಳಿಕಳುಹಿಸಬೇಕು. ಬಾಯಿಗೆ ಚಮಚ ತುರುಕುವುದು, ನೀರು ಹಾಕುವುದು, ಕೈಗೆ ಕಬ್ಬಿಣ ಹಿಡಿಸುವುದು, ಈರುಳ್ಳಿ ಮೂಸಿಸುವುದು ಯಾವುದೂ ಬೇಡ.

ಇದಕ್ಕೆ ಆಸ್ಪತ್ರೆಯಲ್ಲಿ ಕೊಡುವ ಮುಖ್ಯ ಔಷಧಿ ಮೆಗ್ನೀಷಿಯಂ ಸಲ್ಫೇಟ್. ಹತ್ತಿಯ ಎಲೆ ಕೆಂಪಾದಾಗ ನಾವು ಸಿಂಪಡಿಸಲು ಹೇಳುವ ಲವಣವೇ! 33 ದೇಶಗಳ ಸುಮಾರು 10,000 ಹೆಂಗಸರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಈ ಚುಚ್ಚುಮದ್ದು ಪಡೆದವರಲ್ಲಿ ಸೆಳೆತ ಅರ್ಧಕ್ಕಿಂತಲೂ ಕಡಿಮೆಯಾಯಿತು. ಬೆಲೆ ಅಗ್ಗ, ಹೆಚ್ಚಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಇರುತ್ತದೆ. ಆದರೆ ಗೊಬ್ಬರದ ಅಂಗಡಿಯ ಲವಣವಾಗಲಿ, ಕಬ್ಬಿಣದ ಸಲ್ಫೇಟಾಗಲಿ ಔಷಧಿಯಲ್ಲ. ಅದರ ಶುದ್ಧತೆಯೂ ಬೇರೆ, ಪ್ರಮಾಣವೂ ಬೇರೆ. ಇದನ್ನು ಒತ್ತಿ ಹೇಳಬೇಕಾಗಿದೆ. ರೋಗಕ್ಕೆ ಕೊನೆಯ ಪರಿಹಾರ ಹೆರಿಗೆಯೇ. ತಾಯಿ, ಮಗು ಇಬ್ಬರ ಸ್ಥಿತಿ ನೋಡಿ ಯಾವಾಗ ಹೆರಿಗೆ ಮಾಡಿಸಬೇಕೆಂದು ವೈದ್ಯರು ತೀರ್ಮಾನಿಸುತ್ತಾರೆ.

ಇತರ ತೊಡಕುಗಳು

ಸಕ್ಕರೆ ಕಾಯಿಲೆ ಪೇಟೆಯವರದೆಂಬ ಭಾವನೆ ಹಳೆಯದಾಯಿತು. 75 ಗ್ರಾಂ ಗ್ಲೂಕೋಸ್ ನೀರು ಕುಡಿಸಿ ಎರಡು ಗಂಟೆಯ ಮೇಲೆ ರಕ್ತ ನೋಡುತ್ತಾರೆ. 140 ಮಿಲಿಗ್ರಾಂ ಅಥವಾ ಹೆಚ್ಚಿದ್ದರೆ ಗರ್ಭಕಾಲದ ಸಕ್ಕರೆ ಕಾಯಿಲೆ. ಮೊದಲ ತಪಾಸಣೆಯಲ್ಲಿ ಒಮ್ಮೆ, 24ರಿಂದ 28ನೆಯ ವಾರದಲ್ಲಿ ಮತ್ತೊಮ್ಮೆ ಈ ಪರೀಕ್ಷೆ. ಹೆಚ್ಚಿನವರಿಗೆ ಊಟದ ಕ್ರಮ ಬದಲಿಸಿದರೆ ಸಾಕಾಗುತ್ತದೆ. ರಾಗಿಯೆಂದ ಮಾತ್ರಕ್ಕೆ ಎಷ್ಟು ಮುದ್ದೆಯಾದರೂ ಉಣ್ಣಬಹುದೆಂದಲ್ಲ.

ಬಸುರಿನಲ್ಲಿ ಯಾವ ತಿಂಗಳಲ್ಲಾದರೂ ರಕ್ತ ಕಂಡರೆ ಅದನ್ನು ಚಿಕ್ಕದೆಂದು ಭಾವಿಸಬಾರದು. ಕೊನೆಯ ತಿಂಗಳುಗಳಲ್ಲಿ ನೋವಿಲ್ಲದೆ ರಕ್ತ ಹೋದರೆ ಮಾಸು ಗರ್ಭದ ಬಾಯಿಗೆ ಅಡ್ಡವಾಗಿ ಕುಳಿತಿರಬಹುದು. ನೋವಿನೊಡನೆ ಹೊಟ್ಟೆ ಕಲ್ಲಿನಂತೆ ಗಟ್ಟಿಯಾದರೆ ಮಾಸು ಮೊದಲೇ ಕಳಚಿಕೊಳ್ಳುತ್ತಿರಬಹುದು. ಆಗ ಹೊರಗೆ ಕಾಣುವ ರಕ್ತಕ್ಕಿಂತ ಒಳಗೆ ಹೋಗುವುದೇ ಹೆಚ್ಚು. ಸೂಲಗಿತ್ತಿಯಿಂದ ಒಳಗೆ ಕೈಹಾಕಿಸಿ ಪರೀಕ್ಷೆ ಮಾಡಿಸುವುದು ಖಂಡಿತ ಕೂಡದು. ರಕ್ತ ಕೊಡುವ ಸೌಲಭ್ಯವಿರುವ ಆಸ್ಪತ್ರೆಗೇ ನೇರವಾಗಿ ಒಯ್ಯಬೇಕು. ನೀರು ಒಡೆಯುವುದು, ಜ್ವರ, ಏಳನೆಯ ತಿಂಗಳ ಬಳಿಕ ಮಗುವಿನ ಅಲುಗಾಟ ಎಂದಿಗಿಂತ ಕಡಿಮೆಯಾಗುವುದು, ಇವಕ್ಕೂ ಅದೇ ದಿನ ಆಸ್ಪತ್ರೆ.

ಒಕ್ಕಲು ಮನೆಗೆ ವಿಶೇಷವಾದ ಎರಡು ಮಾತು. ಗರ್ಭಿಣಿಯು ಕೀಟನಾಶಕ ಬೆರೆಸುವುದು, ಸಿಂಪಡಿಸುವುದು, ಸಿಂಪಡಿಸಿ ಬಂದ ಗಂಡನ ಬಟ್ಟೆ ಒಗೆಯುವುದು ಯಾವುದನ್ನೂ ಮಾಡಕೂಡದು. ಆ ಬಟ್ಟೆಯನ್ನು ಗಂಡನೇ ಒಗೆದುಕೊಳ್ಳಲಿ. ಎರಡನೆಯದು, ಕಂದು ಹಾಕಿದ ಹಸು, ಎಮ್ಮೆಗಳ ಮಾಸು ಮತ್ತು ಸ್ರಾವವನ್ನು ಗರ್ಭಿಣಿ ಮುಟ್ಟಬಾರದು, ಆ ಕೊಟ್ಟಿಗೆ ಗುಡಿಸಬಾರದು. ಬ್ರೂಸೆಲ್ಲಾ ಎಂಬ ರೋಗಾಣು ದನಗಳಿಂದ ಮನುಷ್ಯರಿಗೆ ಹೀಗೆಯೇ ದಾಟುತ್ತದೆ, ಹೆಂಗಸರಲ್ಲೂ ಗರ್ಭಪಾತ ಮಾಡಬಲ್ಲದು. ಕಾಯಿಸದ ಹಾಲೂ ಬೇಡ.

ಹೊರಡುವ ಏರ್ಪಾಟು

ಈ ಸಾವುಗಳಲ್ಲಿ ಮೂರು ಬಗೆಯ ತಡ ಇರುತ್ತದೆಂದು ಪರಿಣತರು 1994ರಲ್ಲಿ ವಿವರಿಸಿದರು: ಹೋಗಬೇಕೆಂದು ತೀರ್ಮಾನಿಸುವುದರಲ್ಲಿ ತಡ, ಆಸ್ಪತ್ರೆ ಮುಟ್ಟುವುದರಲ್ಲಿ ತಡ, ಮುಟ್ಟಿದ ಮೇಲೆ ಚಿಕಿತ್ಸೆ ಸಿಗುವುದರಲ್ಲಿ ತಡ. ಮೊದಲನೆಯದು ಪೂರ್ತಿ ನಮ್ಮ ಕೈಯಲ್ಲಿದೆ. ಯಜಮಾನರು ಸಂತೆಯಿಂದ ಬರಲಿ, ಅತ್ತೆಯವರು ಒಪ್ಪಲಿ ಎಂದು ಗರ್ಭಿಣಿ ಕಾಯುವಂತಾಗಬಾರದು. ಮನೆಯಲ್ಲಿ ಯಾರಿದ್ದರೆ ಅವರೇ ಕರೆದುಕೊಂಡು ಹೊರಡಬಹುದೆಂದು ಮೊದಲೇ ಮಾತಾಡಿಕೊಂಡಿರಬೇಕು. 108ಕ್ಕೆ ಫೋನು ಮಾಡಿದರೆ ವಾಹನ ಉಚಿತ. ತೋಟದ ಮನೆಗೆ ಮಳೆಗಾಲದಲ್ಲಿ ವಾಹನ ಬರುವುದಿಲ್ಲವಾದರೆ ದಿನ ಹತ್ತಿರವಾದಾಗ ರಸ್ತೆ ಪಕ್ಕದ ನೆಂಟರ ಮನೆಯಲ್ಲಿ ಇರಿಸುವುದು ಮೇಲು. ತವರಿಗೆ ಕಳುಹಿಸುವಾಗ ಸೀರೆ, ಬಳೆಗಳೊಡನೆ ತಾಯಿ ಕಾರ್ಡನ್ನೂ ಕಳುಹಿಸಬೇಕು. ಅಲ್ಲಿನ ಆಸ್ಪತ್ರೆಯವರಿಗೆ ಹಿಂದಿನ ಅಂಕಿಗಳು ಬೇರೆಲ್ಲಿಯೂ ಸಿಗವು. ರಕ್ತದ ಗುಂಪು ಅದರಲ್ಲಿ ಬರೆದಿದೆಯೇ ನೋಡಿಕೊಳ್ಳಿ. ಅದೇ ಗುಂಪಿನ ಇಬ್ಬರು ಬಂಧುಗಳ ಹೆಸರು ಗೊತ್ತಿದ್ದರೆ ಇನ್ನೂ ಅನುಕೂಲ.

ಹೆರಿಗೆಯಾಯಿತೆಂದು ನಂಜಿನ ಭಯ ತೀರುವುದಿಲ್ಲ. ಹೆತ್ತ ಮೊದಲ ವಾರದಲ್ಲೂ ರಕ್ತದೊತ್ತಡ ಏರಿ ಸೆಳೆತ ಬರುವುದುಂಟು. ಬಾಣಂತಿಯನ್ನು ಕತ್ತಲೆ ಕೋಣೆಯಲ್ಲಿ ಕೂರಿಸಿ ನೀರು, ಸೊಪ್ಪು ಕೊಡದೆ ಪಥ್ಯ ಮಾಡಿಸುವ ಕಡೆಗಳಲ್ಲಿ ಅವಳ ತಲೆನೋವು, ಕಣ್ಣು ಮಂಜು, ಮಿತಿಮೀರಿದ ರಕ್ತಸ್ರಾವ, ಜ್ವರ ಯಾರ ಗಮನಕ್ಕೂ ಬಾರದೆ ಹೋಗುತ್ತವೆ. ಆಸ್ಪತ್ರೆಯಿಂದ ಬಂದ ಮೇಲೆ ಮೂರನೆಯ ಮತ್ತು ಏಳನೆಯ ದಿನ ಆರೋಗ್ಯ ಕಾರ್ಯಕರ್ತೆ ಮನೆಗೆ ಬಂದಾಗ ರಕ್ತದೊತ್ತಡವನ್ನು ಮತ್ತೆ ನೋಡಿಸಿ, ಕಬ್ಬಿಣದ ಗುಳಿಗೆಯ ಮುಂದಿನ 180 ದಿನದ ಲೆಕ್ಕವನ್ನು ಅಂದಿನಿಂದಲೇ ಆರಂಭಿಸತಕ್ಕದ್ದು.